ಪ್ರತಿಕ್ರಿಯೆ: ಶುಗರ್ ಇರುವ ಅಪ್ಪನಿಗೆ ಬಾಳೆಹಣ್ಣು

ಅಪ್ಪನಿಗೆ ಶುಗರ್ ಇದೆ, ಊಟ ಆದ ಮೇಲೆ ಎರಡು ಪಚ್ಚಬಾಳೆ ತಿನ್ನುವ ರೂಢಿ ಬಿಡಿಸಲೇಬೇಕಾ ಅಂತ ಕೇಳಿದ್ದೀರಿ. ಪೂರ್ತಿ ಬಿಡಿಸಬೇಕಾಗಿಲ್ಲ. ಆದರೆ ಊಟದ ಬೆನ್ನಿಗೇ ಎರಡು ಅನ್ನೋದು ಜಾಸ್ತಿ ಆಯ್ತು. ಮಧ್ಯಮ ಗಾತ್ರದ ಒಂದು ಹಣ್ಣಿನಲ್ಲಿ ಸುಮಾರು 27 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅನ್ನದ ಮೇಲೆ ಇದೂ ಸೇರಿದರೆ ಶುಗರ್ ಏರುತ್ತದೆ ಅಲ್ವಾ?

ಹಣ್ಣು ಎಷ್ಟು ಮಾಗಿದೆ ಅಂತಲೂ ನೋಡಿ. ತೊಟ್ಟಿನ ಹತ್ತಿರ ಇನ್ನೂ ಹಸಿರು ಇರುವಾಗ ಅದರಲ್ಲಿ ಬೇಗ ಜೀರ್ಣವಾಗದ ಪಿಷ್ಟ ಇರುತ್ತದೆ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದು, ಬೆರಳಿಟ್ಟರೆ ಮೆತ್ತಗಾಗುವ ಹೊತ್ತಿಗೆ ಅದು ಬಹುತೇಕ ಸಕ್ಕರೆಯಾಗಿರುತ್ತದೆ. ನಮ್ಮಮ್ಮನಿಗೂ ಶುಗರ್ ಇದೆ. ಅವರು ಸಂಜೆ ಒಂದೇ ಒಂದು ಏಲಕ್ಕಿ ಬಾಳೆ, ಜೊತೆಗೆ ಒಂದು ಹಿಡಿ ಕಡಲೆಕಾಯಿ ತಿನ್ನುತ್ತಾರೆ. ಎರಡು ಗಂಟೆ ಬಿಟ್ಟು ಗ್ಲುಕೋಮೀಟರ್‌ನಲ್ಲಿ ನೋಡಿ ನೋಡಿಯೇ ಇದು ಅವರಿಗೆ ಒಗ್ಗುತ್ತದೆ ಅಂತ ತಿಳಿದದ್ದು. ನೀವೂ ಹಾಗೇ ನೋಡಿ, ಸುಮ್ನೆ ಅಂದಾಜು ಬೇಡ.

ಅಪ್ಪನ ಕ್ರಿಯೇಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತಿಳಿಯಲು ರಕ್ತಪರೀಕ್ಷೆಯಲ್ಲಿ ನೋಡುವ ಅಂಶ) ಜಾಸ್ತಿ ಇದ್ದರೆ ಮಾತ್ರ ದಯವಿಟ್ಟು ಮೊದಲು ಡಾಕ್ಟರನ್ನು ಕೇಳಿ. ಒಂದು ಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಸೋತಿದ್ದರೆ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತ ಏರುಪೇರು ಮಾಡಬಹುದು.