ತಾರಸಿಯ ತೊಟ್ಟಿ ಬ್ಯಾಟರಿಯಾಗಬಲ್ಲದೇ?

ಪ್ರಶ್ನೆ: ಸೌರಫಲಕಗಳು ಹಗಲಿನಲ್ಲಿ ಕೊಡುವ ಹೆಚ್ಚುವರಿ ವಿದ್ಯುತ್ತಿನಿಂದ ತಾರಸಿಯ ತೊಟ್ಟಿಗೆ ನೀರೇರಿಸಿ, ರಾತ್ರಿ ಆ ನೀರನ್ನು ಸಣ್ಣ ಟರ್ಬೈನಿನ ಮೂಲಕ ಇಳಿಸಿದರೆ, ಬ್ಯಾಟರಿಯ ಹಂಗಿಲ್ಲದೆ ಮನೆಯ ದೀಪಗಳನ್ನು ಉರಿಸಬಹುದಲ್ಲವೇ?

ಉತ್ತರ: ತತ್ತ್ವದ ದೃಷ್ಟಿಯಿಂದ ನಿಮ್ಮ ಆಲೋಚನೆಯಲ್ಲಿ ಯಾವ ದೋಷವೂ ಇಲ್ಲ. ಪಂಪ್ಡ್ ಸ್ಟೋರೇಜ್ ಸ್ಥಾವರಗಳು ಮಾಡುವುದೂ ಇದನ್ನೇ, ಮತ್ತು ಅವು ಹಾಕಿದ ವಿದ್ಯುತ್ತಿನ ಮುಕ್ಕಾಲು ಭಾಗದಷ್ಟನ್ನು ಮರಳಿ ಕೊಡುತ್ತವೆ. ತೊಡಕಿರುವುದು ಪ್ರಮಾಣದಲ್ಲಿ, ಅದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. 1,000 ಲೀಟರ್ ನೀರು ಎಂದರೆ 1,000 ಕಿಲೋಗ್ರಾಂ. ತೊಟ್ಟಿ 10 ಮೀಟರ್ ಎತ್ತರದಲ್ಲಿದ್ದರೆ, ಇವೆರಡನ್ನೂ ಗುರುತ್ವ ವೇಗೋತ್ಕರ್ಷವಾದ 9.8ರಿಂದ ಗುಣಿಸಿದಾಗ 98,000 ಜೂಲ್ ಶಕ್ತಿ ಸಿಗುತ್ತದೆ. ದೊಡ್ಡದಾಗಿ ಕಾಣುವ ಈ ಸಂಖ್ಯೆ ವಾಸ್ತವದಲ್ಲಿ ಕೇವಲ 27 ವ್ಯಾಟ್-ಗಂಟೆ, ಏಕೆಂದರೆ ನಾವು ಒಂದು ಯೂನಿಟ್, ಅಂದರೆ 1,000 ವ್ಯಾಟ್-ಗಂಟೆ, ಎನ್ನುವುದು 36 ಲಕ್ಷ ಜೂಲ್‌ಗಳಿಗೆ. ಸಣ್ಣ ಟರ್ಬೈನು ಮತ್ತು ಜನರೇಟರಿನಲ್ಲಿ ಆಗುವ ನಷ್ಟವನ್ನು ಕಳೆದು ಶೇಕಡಾ 60ರಷ್ಟು ಕೈಗೆ ಬಂತೆಂದುಕೊಂಡರೂ ಉಳಿಯುವುದು 16 ವ್ಯಾಟ್-ಗಂಟೆ. 9 ವ್ಯಾಟಿನ ಒಂದು ಎಲ್‌ಇಡಿ ದೀಪ ಎರಡು ಗಂಟೆಯೂ ಉರಿಯಲಾರದು. ಅಂಗೈಯಲ್ಲಿ ಹಿಡಿಯುವ ಮೊಬೈಲ್ ಫೋನಿನ ಬ್ಯಾಟರಿ ಹೆಚ್ಚುಕಡಿಮೆ ಇಷ್ಟೇ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ನೆನೆದಾಗ ನನಗೆ ಈಗಲೂ ಬೆರಗಾಗುತ್ತದೆ.

ಪ್ರಶ್ನೆ: ಹಾಗಾದರೆ ಇನ್ನೂ ದೊಡ್ಡ ತೊಟ್ಟಿ ಕಟ್ಟಿದರೆ?

ಉತ್ತರ: ದಿನಕ್ಕೆ 5 ಯೂನಿಟ್ ಬೇಕಾದ ಮನೆಗೆ, ಮೇಲಿನ ಲೆಕ್ಕದಂತೆಯೇ, ಸುಮಾರು 3 ಲಕ್ಷ ಲೀಟರ್ ನೀರು, ಅಂದರೆ 300 ಟನ್ ಭಾರ, ತಾರಸಿಯ ಮೇಲೆ ನಿಲ್ಲಬೇಕಾಗುತ್ತದೆ. ಯಾವ ಮನೆಯೂ ಅದನ್ನು ಹೊರಲಾರದು, ದಯವಿಟ್ಟು ಪ್ರಯತ್ನಿಸಬೇಡಿ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ 1984ರಲ್ಲಿ ಆರಂಭವಾದ ಡಿನೋರ್ವಿಗ್ ಪಂಪ್ಡ್ ಸ್ಟೋರೇಜ್ ಸ್ಥಾವರವು 1,728 ಮೆಗಾವ್ಯಾಟ್ ವಿದ್ಯುತ್ತನ್ನು ಕೊಡಬಲ್ಲದೆಂದರೆ, ಅದರ ಹಿಂದೆ ಬೆಟ್ಟವು ಒದಗಿಸುವ ಸುಮಾರು 500 ಮೀಟರ್ ಎತ್ತರವೂ ಅಲ್ಲಿಂದ ಇಳಿಯುವ ಲಕ್ಷಾಂತರ ಟನ್ ನೀರೂ ಇವೆ. ಆ ಎತ್ತರವನ್ನು ಪ್ರಕೃತಿಯೇ ಒದಗಿಸಿದ್ದರಿಂದ ಅಲ್ಲಿ ಲೆಕ್ಕ ಕೂಡಿಬರುತ್ತದೆ.

ಆದರೂ ನಿಮ್ಮ ತೊಟ್ಟಿಯನ್ನು ನಾನು ಕೈಬಿಡಲಾರೆ. ಅದರಲ್ಲಿ ವಿದ್ಯುತ್ತನ್ನು ಕೂಡಿಡುವ ಬದಲು ನೀರನ್ನೇ ಕೂಡಿಡಿ. ಬೆಳಗಿನ ಜಾವ ಅಥವಾ ಸಂಜೆ ಓಡುವ ಪಂಪನ್ನು ನಡುಹಗಲಿಗೆ, ಫಲಕಗಳು ಹೆಚ್ಚು ವಿದ್ಯುತ್ ಕೊಡುವ ಹೊತ್ತಿಗೆ, ಓಡುವಂತೆ ಟೈಮರ್ ಅಳವಡಿಸಿದರೆ, ಟರ್ಬೈನೂ ಬೇಡ, ಆ ಕೆಲಸಕ್ಕೆ ಬ್ಯಾಟರಿಯೂ ಬೇಡ. ನೀರು ಕಾಯಿಸುವುದನ್ನೂ ಬಟ್ಟೆ ಒಗೆಯುವ ಯಂತ್ರವನ್ನು ನಡೆಸುವುದನ್ನೂ ಇದೇ ಹೊತ್ತಿಗೆ ಸರಿಸಿಕೊಳ್ಳಬಹುದು. ಹೀಗೆ ಹಗಲಿಗೆ ಸರಿಯಬಲ್ಲ ಕೆಲಸಗಳನ್ನೆಲ್ಲ ಸರಿಸಿದ ಮೇಲೆ ರಾತ್ರಿಗೆ ಉಳಿಯುವುದು ದೀಪ ಮತ್ತು ಫ್ಯಾನುಗಳಷ್ಟೇ ಆಗಿದ್ದರೆ, ಅವುಗಳಿಗೆ ಚಿಕ್ಕದೊಂದು ಬ್ಯಾಟರಿ ಸಾಕಾಗುತ್ತದೆ.