ಲಾಟರಿ ಟಿಕೆಟ್ ಬೇಗ ಕೊಂಡರೆ ಬಹುಮಾನ ಹಂಚಿಕೊಳ್ಳೋದು ತಪ್ಪುತ್ತಾ?

ಇಲ್ಲ. ಒಂದೇ ಡ್ರಾಗೆ ಮೊದಲ ದಿನ ಕೊಂಡರೂ ಕೊನೇ ಗಳಿಗೆಯಲ್ಲಿ ಕೊಂಡರೂ ವ್ಯತ್ಯಾಸವಿಲ್ಲ. ಯಾವ ಡ್ರಾಗೆ ಕೊಳ್ಳುತ್ತೀರಿ ಅನ್ನುವುದು ಮುಖ್ಯ. ಅಮೆರಿಕದ ಪವರ್‌ಬಾಲ್ ಲಾಟರಿಯಲ್ಲಿ ನಂಬರನ್ನು ಕೊಳ್ಳುವವರೇ ಆರಿಸಬಹುದು. ಹಾಗಾಗಿ ಒಂದೇ ನಂಬರ್ ಹಲವರ ಬಳಿ ಇರಬಹುದು. ಯಾರೂ ಗೆಲ್ಲದೆ ಮೊತ್ತ ಬೆಳೆದಷ್ಟೂ ಜನ ಮುಗಿಬೀಳುತ್ತಾರೆ. ಟಿಕೆಟ್ ಜಾಸ್ತಿಯಾದಷ್ಟೂ ಪಾಲುದಾರರು ಸಿಗುವ ಸಾಧ್ಯತೆಯೂ ಜಾಸ್ತಿ. 2016ರ ಜನವರಿಯಲ್ಲಿ ಸುಮಾರು 159 ಕೋಟಿ ಡಾಲರ್ ಮೂರು ಟಿಕೆಟ್‌ಗಳಿಗೆ ಹಂಚಿಹೋಯಿತು.

ನಮ್ಮ ಮೈಸೂರು, ಮಂಡ್ಯದವರು ವಯನಾಡಿನ ಸುಲ್ತಾನ್ ಬತ್ತೇರಿಗೆ ಹೋದಾಗ ಕೊಳ್ಳುವ ಕೇರಳ ಲಾಟರಿಯ ಕತೆ ಬೇರೆ. ಅಲ್ಲಿ ನಂಬರ್ ಮೊದಲೇ ಅಚ್ಚಾಗಿರುತ್ತದೆ, ಸರಣಿ ಸಮೇತ ಒಂದು ನಂಬರಿಗೆ ಒಂದೇ ಟಿಕೆಟ್. 2024ರ ಓಣಂ ಬಂಪರ್‌ನ 25 ಕೋಟಿ ಪಾಂಡವಪುರದವರೊಬ್ಬರಿಗೆ ಬಂದಾಗ ಪಾಲು ಕೇಳೋಕೆ ಇನ್ನೊಬ್ಬ ವಿಜೇತರೇ ಇರಲಿಲ್ಲ. ತೆರಿಗೆಯವರನ್ನು ಬಿಟ್ಟು ಅನ್ನಿ!