ಬಿಡಾರದ ಅಂಗಳದಲ್ಲಿ ಆಡುವ ನಾಟಕ

ಓದುಗರ ಪತ್ರ: ವಲಸೆಯ ಬಗ್ಗೆ ಬೇರೆ ಬೇರೆ ದೇಶದವರು ಸೇರಿ ಕಟ್ಟುವ ರಂಗತಂಡಗಳ ಲೇಖನ ಕಳೆದ ಸಂಚಿಕೆಯಲ್ಲಿ ಓದಿದೆವು. ಉಡುಪಿ ಮತ್ತು ಕಾಸರಗೋಡಿನ ನಾವು ಹನ್ನೆರಡು ಮಂದಿ ಮಲ್ಪೆಯ ಬೋಟುಗಳಲ್ಲಿ ದುಡಿಯುವ ಒಡಿಶಾ, ಜಾರ್ಖಂಡ್ ಕಡೆಯವರ ಬದುಕಿನ ಮೇಲೆ ಒಂದೂವರೆ ಗಂಟೆಯ ಕನ್ನಡ ನಾಟಕ ಬರೆದಿದ್ದೇವೆ. ಬೋಟುಗಳು ದಡದಲ್ಲಿರುವ ಜೂನ್‌ನಲ್ಲಿ ಧಕ್ಕೆಯಲ್ಲೇ (ಬೋಟುಗಳು ನಿಲ್ಲುವ ಕಟ್ಟೆಯಲ್ಲೇ) ಆಡುವ ಯೋಚನೆ. ಮೈಕಿನಲ್ಲಿ ಹಿಂದಿ ಅನುವಾದ ಹೇಳಿಸಿದರೆ ಸಾಕೇ? — ಓದುಗರು, ಉಡುಪಿ

ಸಂಪಾದಕರ ಉತ್ತರ: ಮೊದಲು ತಿಂಗಳ ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿರುತ್ತದೆ ನಿಜ. ಅದರಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ರೈಲು ಹತ್ತಿ ಊರಿಗೆ ಹೋಗಿರುತ್ತಾರೆ. ಅವರ ನಾಟಕವನ್ನು ಅವರಿಲ್ಲದೆ, ಜಡಿಮಳೆಯಲ್ಲಿ ಆಡಿದ ಹಾಗಾಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗಿನ ದಿನ ಹಿಡಿಯಿರಿ. ಆಗಲೂ ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ಒಮ್ಮೆ ಹೊರಟರೆ ಎಂಟು-ಹತ್ತು ದಿನ ಮರಳುವುದಿಲ್ಲ. ಈ ವಾರ ತಾಲೀಮಿಗೆ ಬಂದವರು ಮುಂದಿನ ವಾರ ಕಡಲಲ್ಲಿರುತ್ತಾರೆ. ಆದ್ದರಿಂದ ಪ್ರತಿ ಪಾತ್ರವೂ ಕನಿಷ್ಠ ಮೂವರಿಗೆ ಗೊತ್ತಿರಲಿ. ಬಲೆ ಹೆಣೆಯುವವರು, ಮೀನು ವಿಂಗಡಿಸುವ ಹೆಂಗಸರು ಹೀಗೆ ದಡದಲ್ಲೇ ಕೆಲಸವಿರುವವರನ್ನೂ ಸೇರಿಸಿಕೊಳ್ಳಿ.

ಧಕ್ಕೆ ಬೇಡ. ಐಸ್ ಪುಡಿ ಮಾಡುವ ಯಂತ್ರ, ಡೀಸೆಲ್ ಎಂಜಿನ್‌ಗಳ ಸದ್ದಿನಲ್ಲಿ ಮೈಕೂ ಕೇಳಿಸದು. ಅದಕ್ಕಿಂತ ಮುಖ್ಯ, ಅಲ್ಲಿ ಮಾಲೀಕರ ಕಣ್ಣೆದುರು ಯಾರೂ ಬಾಯಿ ಬಿಡುವುದಿಲ್ಲ. ಕಾರ್ಮಿಕರು ಉಳಿದುಕೊಳ್ಳುವ ಬಿಡಾರದ ಅಂಗಳವೇ ಸರಿಯಾದ ರಂಗ: ಹದಿನೈದು ಅಡಿ ಜಾಗ, ಒಂದೆರಡು ಬಲ್ಬು, ಸುತ್ತ ಚಾಪೆ. ಹೊತ್ತು ಯಾವುದೆಂದು ನೀವು ನಿಶ್ಚಯಿಸಬೇಡಿ, ಅವರನ್ನೇ ಕೇಳಿ.

ಇನ್ನು ನಾಟಕ. ಒಂದೂವರೆ ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ ಎಂದು ನಾವು ಹೇಳುವುದು ಚಾಪೆಯ ಮೇಲೆ ಕೂತವರಿಗೂ ಸಮಯ ಸಿಗಲಿ ಎಂದು. ಬ್ರೆಜಿಲಿನ ರಂಗನಿರ್ದೇಶಕ ಅಗಸ್ಟೊ ಬೊಆಲ್ 1971ರಲ್ಲಿ ಬಂಧನಕ್ಕೊಳಗಾಗಿ ದೇಶಭ್ರಷ್ಟರಾದವರು; ದಕ್ಷಿಣ ಅಮೆರಿಕದಲ್ಲಿ ಆರಂಭಿಸಿದ ಕೆಲಸವನ್ನು ಆಮೇಲೆ ಯುರೋಪಿನಲ್ಲಿ ಮುಂದುವರಿಸಿದರು. ನೋಡುವವರೂ ಎದ್ದು ಬಂದು ಆಡುವ, ಅವರು ಬೆಳೆಸಿದ ಫೋರಂ ರಂಗಭೂಮಿಯ ಕ್ರಮ ನಿಮಗೆ ಒಗ್ಗುತ್ತದೆ. 1985ರಲ್ಲಿ ಹುಟ್ಟಿದ ಜನ ಸಂಸ್ಕೃತಿ ತಂಡ ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಇದನ್ನೇ ಮಾಡುತ್ತಿದೆ.

ಲೆಕ್ಕದ ದಿನದ ಒಂದೇ ದೃಶ್ಯ ತೆಗೆದುಕೊಳ್ಳಿ. ಮುಂಗಡ ಕೊಟ್ಟದ್ದೆಷ್ಟು, ಜ್ವರದಲ್ಲಿ ಮಲಗಿದ ದಿನಗಳಿಗೆ ಮುರಿದುಕೊಂಡದ್ದೆಷ್ಟು, ಕೈಗೆ ಬಂದದ್ದೆಷ್ಟು. ಮೊದಲ ಸಲ ಪೂರ್ತಿ ಆಡಿ. ಕಾರ್ಮಿಕ ಸೋತು ಹೊರಡುವಲ್ಲಿಗೆ ಮುಗಿಯಲಿ. ಎರಡನೇ ಸಲ ಆಡುವಾಗ ನೋಡುವವರು ಯಾರೇ ‘ನಿಲ್ಲಿಸಿ’ ಎಂದರೂ ಆಟ ನಿಲ್ಲಬೇಕು. ಹೇಳಿದವರು ಎದ್ದು ಬಂದು ಸೋತವನ ಜಾಗದಲ್ಲಿ ನಿಂತು ತಮ್ಮ ದಾರಿ ಪ್ರಯತ್ನಿಸುತ್ತಾರೆ. ಮಾಲೀಕನ ಪಾತ್ರ ಬದಲಾಗುವುದಿಲ್ಲ. ಇದಕ್ಕೆ ನಲವತ್ತು ನಿಮಿಷ ಇಡಿ. ಮೂರು-ನಾಲ್ಕು ಮಂದಿ ಬಂದರೆ ಧಾರಾಳ.

ಎಡವುವುದು ಇಲ್ಲೇ. ಮಾಲೀಕನ ಪಾತ್ರಧಾರಿ ಮೊದಲ ಮಾತಿಗೇ ಕರಗಿದರೆ ನೋಡುವವರಿಗೆ ಅದು ಸುಳ್ಳೆಂದು ಗೊತ್ತಾಗುತ್ತದೆ; ವಿಪರೀತ ಗದರಿದರೆ ಇನ್ನೊಬ್ಬರು ಏಳುವುದಿಲ್ಲ. ಹದ ಕಾಯುವವನು ಆಟಕ್ಕೂ ನೋಡುವವರಿಗೂ ನಡುವೆ ನಿಂತು ಆಟ ನಡೆಸುವಾತ. ‘ಇದು ನಿಜವಾಗಿ ಆಗುವ ಮಾತೇ?’ ಎಂದು ಅವನು ಜನರನ್ನು ಕೇಳಬೇಕು, ತೀರ್ಪು ಕೊಡಬಾರದು. ಯಾರೂ ಏಳದಿದ್ದರೆ ನಿಮ್ಮವರನ್ನೇ ಪ್ರೇಕ್ಷಕರಂತೆ ಎಬ್ಬಿಸಬೇಡಿ. ಎಲ್ಲಿ ತಪ್ಪಿತು ಎಂದು ಕೂತಲ್ಲಿಂದಲೇ ಹೇಳಿಸಿ, ಆಮೇಲೆ ‘ಬಂದು ತೋರಿಸಿ’ ಎನ್ನಿ. ತಾಳಮದ್ದಳೆಯಲ್ಲಿ ಅರ್ಥ ಹೇಳಿ ಅಭ್ಯಾಸವಿರುವವರು ನಿಮ್ಮಲ್ಲಿದ್ದರೆ ಮಾಲೀಕನ ಪಾತ್ರ ಅವರಿಗೆ ಕೊಡಿ, ಎದುರಿನವರು ಏನೇ ಹೇಳಿದರೂ ಸ್ಥಳದಲ್ಲೇ ಉತ್ತರ ಹುಟ್ಟಿಸಬಲ್ಲರು. ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕುವ ಚಪಲ ಮಾತ್ರ ಅವರು ಬಿಡಬೇಕು.

ಮೈಕಿನ ಅನುವಾದ ಬೇಡವೇ ಬೇಡ. ಎರಡು ಭಾಷೆ ಒಟ್ಟಿಗೆ ಕಿವಿಗೆ ಬಿದ್ದರೆ ಎರಡೂ ಕೆಡುತ್ತವೆ; ಜಾರ್ಖಂಡಿನಿಂದ ಬಂದವರ ಮನೆಮಾತು ಸಂತಾಲಿಯೋ ಮುಂಡಾರಿಯೋ ಇರಬಹುದು, ಹಿಂದಿ ಅವರಿಗೂ ಕಲಿತ ಭಾಷೆ. ಬೊಆಲ್ 1973ರಲ್ಲಿ ಪೆರುವಿನಲ್ಲಿ ಹಲವು ಭಾಷೆಗಳ ಜನರ ನಡುವೆ ಸಾಕ್ಷರತೆಯ ಕೆಲಸ ಮಾಡುವಾಗ ಮಾತಿಲ್ಲದೆ ಮೈಯಿಂದಲೇ ಚಿತ್ರ ಕಟ್ಟಿಸುತ್ತಿದ್ದರು. ನೀವೂ ಹಾಗೇ ಆರಂಭಿಸಿ: ‘ಲೆಕ್ಕದ ದಿನ’ ಎಂದರೆ ಮೂವರು ಹೇಗೆ ನಿಲ್ಲುತ್ತಾರೆ, ಯಾರು ಕೂತಿರುತ್ತಾರೆ, ಕೈ ಎಲ್ಲಿರುತ್ತದೆ. ಮೀನಿನ ಕ್ರೇಟು, ತಕ್ಕಡಿ, ಲೆಕ್ಕದ ಪುಸ್ತಕ ಇಷ್ಟೇ ಸಾಮಾನು ಸಾಕು. 2021ರಲ್ಲಿ ಟರ್ಕಿಯ ಗಾಜಿಯಾಂಟೆಪ್‌ನಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ವರೆಗೆ ಸಾಗಿದ ಮೂರೂವರೆ ಮೀಟರಿನ ಗೊಂಬೆ ಅಮಲ್ ಒಂದು ಮಾತೂ ಆಡಲಿಲ್ಲ. ನಿರಾಶ್ರಿತ ಹುಡುಗಿಯೆಂದು ದಾರಿಯುದ್ದಕ್ಕೂ ಜನ ಗುರುತಿಸಿದರು. ನಮ್ಮ ಮೆರವಣಿಗೆಯ ಎತ್ತರದ ಗೊಂಬೆ ತಟ್ಟಿರಾಯನನ್ನು ಕಂಡವರಿಗೆ ಅದರ ಬಲ ವಿವರಿಸಬೇಕಿಲ್ಲ.

ಮೊದಲ ಭೇಟಿಯಲ್ಲೇ ‘ನಿಮ್ಮ ಕಷ್ಟ ಹೇಳಿ’ ಎನ್ನಬೇಡಿ. ಮುಂಬೈ ಹೋಟೆಲಿನಲ್ಲಿ ಲೋಟ ತೊಳೆದ ಮಾವ, ಗಲ್ಫಿನಲ್ಲಿರುವ ಅಣ್ಣ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ನಿಮ್ಮ ಮನೆಯವರು ಊರು ಬಿಟ್ಟ ಬಗೆಯನ್ನು ಮೊದಲು ನೀವು ಆಡಿ ತೋರಿಸಿ. ಆಮೇಲೆ ಕಾರ್ಮಿಕರು ಹೇಳಿದ್ದನ್ನು ಹೇಳಿದ ಹಾಗೆಯೇ ರಂಗಕ್ಕೆ ತಂದರೆ ಯಾವ ಬೋಟು, ಯಾವ ತಂಡೇಲ (ಬೋಟು ನಡೆಸುವ ಮುಖ್ಯಸ್ಥ) ಎಂದು ಬಂದರಿಗೆಲ್ಲ ತಿಳಿದುಹೋಗಿ ಆ ಮನುಷ್ಯನ ಕೆಲಸಕ್ಕೇ ಕುತ್ತು. ಮೂವರ ಅನುಭವ ಬೆರೆಸಿ, ಯಾರೂ ತಮ್ಮದೇ ಕತೆಯ ಪಾತ್ರ ಮಾಡದಿರಲಿ, ಮೊಬೈಲಿನಲ್ಲಿ ಚಿತ್ರೀಕರಣ ಬೇಡ. ಮೊದಲ ಪ್ರದರ್ಶನ ಕಾರ್ಮಿಕರಿಗೆ ಮಾತ್ರ. ಮಾಲೀಕರನ್ನು, ತಂಡೇಲರನ್ನು ಕರೆಯುವುದು ಕಾರ್ಮಿಕರು ಒಪ್ಪಿದ ಮೇಲೆ.

ನಿಮ್ಮ ತಂಡದೊಳಗೇ ಒಂದು ಗಡಿ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, 2020ರ ಮಾರ್ಚ್‌ನಲ್ಲಿ ಕೊರೊನಾ ಹೊತ್ತಿಗೆ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಬರಬೇಕಿದ್ದ ರೋಗಿಗಳು ಆಚೆಯೇ ಉಳಿದದ್ದು ನಿಮ್ಮ ಕಾಸರಗೋಡಿನ ಗೆಳೆಯರಿಗೆ ಓದಿ ತಿಳಿಯಬೇಕಾದ್ದಲ್ಲ. ತಾಲೀಮು ಯಾವಾಗಲೂ ಉಡುಪಿಯಲ್ಲೇ ಆದರೆ ಅವರು ನೂರು ಕಿಲೋಮೀಟರಿಗಿಂತ ಹೆಚ್ಚು ಬರಬೇಕು, ಎರಡನೇ ತಿಂಗಳಿಗೆ ಒಬ್ಬೊಬ್ಬರೇ ಕಡಿಮೆಯಾಗುತ್ತಾರೆ. ಎರಡೂ ಕಡೆಗೆ ಹೆಚ್ಚುಕಡಿಮೆ ನಡುವಿನ ಮಂಗಳೂರಿನಲ್ಲಿ ಸೇರಿ. ಬಸ್ಸು, ರೈಲಿನ ಖರ್ಚು ಎಲ್ಲರಿಗೂ ತಂಡದ ಹಣದಿಂದಲೇ ಹೋಗಲಿ. ನಿಮ್ಮೊಳಗೆ ತುಳು ಸಲೀಸಾಗಿ ನಡೆಯಬಹುದು. ಒಡಿಶಾದ ಒಬ್ಬರು ಬಂದು ಕೂತರೂ ಆ ಸಭೆಯಲ್ಲಿ ತುಳು ನಿಲ್ಲಿಸಿ, ಅವರಿಗೆ ತಿಳಿಯುವ ಭಾಷೆಗೆ ಬನ್ನಿ.